ಮೇಜಿನ ಮೇಲಿನ ಡಬ್ಬಿ

ಆ ದಿನ ಮಧ್ಯಾಹ್ನ ಎರಡೂ ಮುಕ್ಕಾಲಿಗೆ ನಮ್ಮ ಮನೆಗೆ ಕರೆಂಟು ಬಂತು. ಬೆಳಿಗ್ಗೆ ಹತ್ತೂವರೆಗೆ ಹೋದದ್ದು. ನಾನು ಆಗತಾನೆ ಕ್ಷೌರದ ಅಂಗಡಿಯಿಂದ ಬಂದು ಕುರ್ಚಿಯಲ್ಲಿ ಕುಳಿತಿದ್ದೆ. ತಲೆಯ ಮೇಲಿನ ಫ್ಯಾನು ಗೊರಕೆ ಹೊಡೆದಂತೆ ಸದ್ದು ಮಾಡಿ ತಿರುಗಿತು.

"ಬಂತು ನೋಡ್ರೀ!" ಎಂದು ನನ್ನ ಹೆಂಡತಿ ಅಡುಗೆಮನೆಯಿಂದ ಕೂಗಿದಳು. "ನಮ್ಮ ಹುಡುಗನ ಲೈನ್ ಕೆಲಸ ಮುಗೀತು ಅಂತ ಕಾಣುತ್ತೆ. ಇನ್ನೊಂದು ಗಂಟೇಲಿ ಮನೇಲಿರ್ತಾನೆ."

ಅವಳು ಹಿತ್ತಲಿಗೆ ಓಡಿ ನೀರಿನ ಮೋಟಾರು ಹಾಕಿದಳು. ಬಕೆಟ್ಟಿನಲ್ಲಿ ಎರಡು ಬೆರಳು ನೀರು ಬೀಳುವಷ್ಟರಲ್ಲಿ ಕರೆಂಟು ಮತ್ತೆ ಹೋಯಿತು.

"ಹೋಯ್ತಲ್ಲಾ! ಇದೇನು ಕಣ್ಣಾಮುಚ್ಚಾಲೆ?"

"ಟ್ರಿಪ್ ಆಯ್ತು," ಎಂದೆ. ಮೂವತ್ತೊಂದು ವರ್ಷ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿದ್ದವನು ನಾನು. ಇಂಥದ್ದು ನನಗೆ ಕುಳಿತಲ್ಲಿಂದಲೇ ತಿಳಿಯುತ್ತಿತ್ತು. "ತಂತಿಗೆ ಎಲ್ಲೋ ಏನೋ ತಾಗಿರ್ಬೇಕು. ಕೊಂಬೆಗಿಂಬೆ."

ಮೂರೂವರೆಗೆ ವಿದ್ಯುತ್ ಕಂಪನಿಯ ಜೀಪು ಗೇಟಿನ ಮುಂದೆ ನಿಂತಿತು. ಮೂರು ಜನ ಇಳಿದರು. ಯಾರೂ ಮೊದಲು ಒಳಗೆ ಬರಲು ಒಪ್ಪದೆ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಆಗಲೇ ನನಗೆ ತಿಳಿಯಿತು. ತಂತಿಗೆ ತಾಗಿದ್ದು ಕೊಂಬೆಯಲ್ಲ, ನಮ್ಮ ಮಗ.

ಅವನಿಗೆ ಮೂವತ್ತೆಂಟು ವರ್ಷ. ಹದಿನೈದು ವರ್ಷದಿಂದ ಲೈನ್‌ಮ್ಯಾನ್. ಮನೆಗೆ ಬಂದ ಕೂಡಲೇ ಕೈ ತೊಳೆಯುವ ಮೊದಲೇ ಪಾತ್ರೆಯ ಮುಚ್ಚಳ ಎತ್ತಿ ನೋಡುವವನು, ತಾಯಿಯಿಂದ ಸೌಟಿನ ಏಟು ತಿನ್ನುವವನು. ನನ್ನನ್ನು "ಸಾಹೇಬ್ರೇ" ಎಂದು ಕರೆದು ರೇಗಿಸುತ್ತಿದ್ದ. ಅವನ ಹನ್ನೊಂದು ವರ್ಷದ ಮಗಳಿಗೆ ಮಾತು ಖಾರ ಎಂದು 'ಮೆಣಸು' ಎಂದು ಹೆಸರಿಟ್ಟವನೂ ಅವನೇ. ಶಾಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಆ ಹುಡುಗಿಯನ್ನು ನಿಜವಾದ ಹೆಸರಿನಿಂದ ಯಾರೂ ಕರೆಯುವುದಿಲ್ಲ.

ಮಣ್ಣು ಮಾಡಿ ಬಂದ ಮರುದಿನ ಅವನ ಸಾಮಾನು ಒಂದು ಗೋಣಿಚೀಲದಲ್ಲಿ ಬಂತು. ಸೊಂಟದ ಪಟ್ಟಿ, ಇಕ್ಕಳ, ಒಂದು ಕೈಗವಸು, ಫೋನು, ಊಟದ ಡಬ್ಬಿ. ಡಬ್ಬಿಯನ್ನು ತೆರೆದಿರಲಿಲ್ಲ. ಅನ್ನ ಹಳಸಿ ಮುಚ್ಚಳ ಉಬ್ಬಿತ್ತು.

"ಇದೆಲ್ಲ ಎಲ್ಲಿ ಸಿಕ್ತಪ್ಪಾ?" ಎಂದು ಚೀಲ ತಂದವನನ್ನು ಕೇಳಿದೆ.

"ಎಲ್ಲ ಕಂಬದ ಬುಡದಲ್ಲೇ ಇತ್ತು ಸರ್."

"ಡಬ್ಬೀನೂ?"

"ಹ್ಞೂಂ ಸರ್, ಡಬ್ಬೀನೂ."

ಡಬ್ಬಿ ಅಲ್ಲಿ ಇರಬಾರದಿತ್ತು. ಏಕೆಂದು ಹೇಳಬೇಕಾದರೆ ನಮ್ಮ ಸಬ್‌ಸ್ಟೇಷನ್ನಿನ ಒಂದು ಪದ್ಧತಿಯನ್ನು ಹೇಳಬೇಕು. ಆ ಪದ್ಧತಿಯನ್ನು ಮಾಡಿದವನು ನಾನು.

ತಂತಿಯ ಮೇಲೆ ಕೆಲಸ ಮಾಡುವವನು ಮೊದಲು ಸಬ್‌ಸ್ಟೇಷನ್ನಿಗೆ ಬಂದು ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು. ಎಂದರೆ, ಆಪರೇಟರ್ ಆ ದಾರಿಯ ಕರೆಂಟನ್ನು ನಿಲ್ಲಿಸಿ, ಪುಸ್ತಕದಲ್ಲಿ ಬರೆದು, ಸಹಿ ಹಾಕಿಸಿ ಚೀಟಿ ಕೊಡಬೇಕು. ಕೆಲಸ ಮುಗಿದ ಮೇಲೆ ಚೀಟಿ ಕೈಗೆ ಬರುವವರೆಗೆ ಕರೆಂಟು ಬಿಡಬಾರದು. ನನ್ನ ಕಾಲದಲ್ಲಿ ಒಮ್ಮೆ ಪುಸ್ತಕ ಮುಗಿದು ಎಂಟು ತಿಂಗಳು ಹೊಸದು ಬರಲಿಲ್ಲ. ಬರೆದು ಬರೆದು ಸಾಕಾಯಿತು. ಆಗ ನಾನು ಲೈನ್‌ಮ್ಯಾನ್‌ಗಳಿಗೆ ಹೇಳಿದೆ: "ನಿಮ್ಮ ಊಟದ ಡಬ್ಬಿ ನನ್ನ ಮೇಜಿನ ಮೇಲಿಟ್ಟು ಹೋಗಿ. ಮನುಷ್ಯ ಏನು ಮರೆತ್ರೂ ಊಟ ಮರೆಯಲ್ಲ. ಡಬ್ಬಿ ಇಲ್ಲಿದೆ ಅಂದ್ರೆ ನೀವು ಮೇಲಿದ್ದೀರಿ ಅಂತ ಲೆಕ್ಕ. ಡಬ್ಬಿ ಎತ್ಕೊಂಡ್ರೆ ಇಳಿದ್ರಿ ಅಂತ ಲೆಕ್ಕ."

ಹೊಸ ಪುಸ್ತಕ ಬಂದ ಮೇಲೂ ಯಾರೂ ಅದನ್ನು ದಿನದಿನ ಬರೆಯಲಿಲ್ಲ. ತಿಂಗಳ ಕೊನೆಗೆ ಒಟ್ಟಿಗೆ ತುಂಬುತ್ತಿದ್ದೆವು. ಮೂವತ್ತು ವರ್ಷ ಮೇಜಿನ ಮೇಲಿನ ಡಬ್ಬಿಯೇ ಪುಸ್ತಕವಾಗಿತ್ತು. ಒಂದು ಜೀವವೂ ಹೋಗಿರಲಿಲ್ಲ. ಇದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ನಿವೃತ್ತಿಯಾಗುವಾಗ ನನ್ನ ಶಿಷ್ಯನಿಗೂ ಅದನ್ನೇ ಕಲಿಸಿದೆ. ನನ್ನ ಮಗನಿಗೂ ಅದನ್ನೇ ಕಲಿಸಿದೆ.

ಎಂಟನೆಯ ದಿನ ಆ ಶಿಷ್ಯ ಬಂದ. ದೊಡ್ಡ ಮೀಸೆ ಇರುವುದರಿಂದ ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುವುದು. ಬಂದವನು ಮನೆಯೊಳಗೆ ಬರಲಿಲ್ಲ. ನನ್ನನ್ನು ರಸ್ತೆಯ ಮೂಲೆಯ ಕಟ್ಟೆಗೆ ಕರೆದುಕೊಂಡು ಹೋದ.

"ಅಣ್ಣ, ಬೈದ್ರೂ ಸರಿ, ಹೊಡೆದ್ರೂ ಸರಿ," ಎಂದ. "ಡಬ್ಬಿ ಕಳಿಸಿದ್ದು ನಾನೇ."

"ಯಾಕೋ?"

"ಒಂದೂಕಾಲಿಗೆ ಅತ್ತಿಗೆ ಫೋನ್ ಮಾಡಿದ್ರು. 'ಬೆಳಿಗ್ಗೆ ಬರೀ ಚಹಾ ಕುಡ್ಕೊಂಡು ಹೋಗಿದ್ದಾನೆ, ಅವನ ಫೋನೂ ಆಫ್ ಆಗಿದೆ, ಊಟಕ್ಕೆ ಬಂದ್ನೇನಪ್ಪ' ಅಂದ್ರು. 'ಇನ್ನೂ ಇಲ್ಲ ಅತ್ತಿಗೆ, ಡಬ್ಬಿ ಇಲ್ಲೇ ಇದೆ' ಅಂದೆ. 'ಯಾರ ಕೈಲಾದ್ರೂ ಕಳಿಸಿಕೊಡು ಮಾರಾಯ, ಪುಣ್ಯ ಬರುತ್ತೆ' ಅಂದ್ರು. ಜೀಪು ಆ ಕಡೇನೇ ಹೊರಟಿತ್ತು. ಕೊಟ್ಟುಬಿಟ್ಟೆ. ಡ್ರೈವರ್ ಅದನ್ನು ಕಂಬದ ಬುಡದಲ್ಲಿಟ್ಟು ಹೊರಟುಬಿಟ್ಟ, ಮೇಲಿದ್ದವನಿಗೆ ಕಾಣಲೇ ಇಲ್ವೇನೋ. ಇಪ್ಪತ್ತು ವರ್ಷ ಅವರ ಕೈ ಊಟ ಉಂಡಿದೀನಿ ಅಣ್ಣ, ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ."

"ಎರಡು ಗಂಟೆ ಪಾಳಿಗೆ ಬಂದವನಿಗೆ ಹೇಳಿ ಹೋಗ್ಬೇಕಿತ್ತಲ್ಲೋ!"

"ಹೇಳೋ ಅಭ್ಯಾಸ ಎಲ್ಲಿತ್ತಣ್ಣ ನಮಗೆ? ಮೇಜೇ ಹೇಳ್ತಿತ್ತಲ್ಲ. ನಾನು ಹೇಳಿದೀನಿ ಅಂತಲೇ ಅಂದ್ಕೊಂಡು ಬಸ್ಸು ಹತ್ತಿದೆ."

ಎರಡು ಗಂಟೆಯ ಪಾಳಿಗೆ ಬಂದವನು ಗುತ್ತಿಗೆಯವನು, ಕೆಲಸಕ್ಕೆ ಸೇರಿ ಎರಡು ತಿಂಗಳು. ಕರೆಂಟು ಬಿಡು ಎಂದು ಐಸ್ ಕಾರ್ಖಾನೆಯಿಂದ ಫೋನಿನ ಮೇಲೆ ಫೋನು. ಅವನು ಮೇಜು ನೋಡಿದ, ಡಬ್ಬಿ ಇರಲಿಲ್ಲ. ಕಲಿಸಿದಂತೆಯೇ ಮಾಡಿದ. ಅಕಸ್ಮಾತ್ ಕರೆಂಟು ಬಂದರೆ ಅದನ್ನು ನೆಲಕ್ಕೆ ಇಳಿಸಲು ಕಂಬದ ಮೇಲೆ ಕಟ್ಟಬೇಕಾಗಿದ್ದ ಅರ್ಥಿಂಗ್ ಸರಪಳಿ ಎರಡು ತಂಡಕ್ಕೆ ಒಂದೇ ಇತ್ತು. ಅದು ಆ ದಿನ ಇನ್ನೊಂದು ತಂಡದ ಬಳಿ ಇತ್ತು.

"ಅತ್ತಿಗೆಗೆ ಮಾತ್ರ ಗೊತ್ತಾಗೋದು ಬೇಡ ಅಣ್ಣ," ಎಂದು ಮೀಸೆ ನನ್ನ ಎರಡೂ ಕೈ ಹಿಡಿದುಕೊಂಡ. "ನನ್ನ ಕೆಲಸ ಹೋಗ್ಲಿ, ಜೈಲಿಗೆ ಹಾಕ್ಲಿ. ಅವರಿಗೆ ಗೊತ್ತಾಗೋದು ಬೇಡ."

ನಾನು ತಲೆಯಾಡಿಸಿದೆ. ಮನೆಗೆ ಬಂದಾಗ ನನ್ನ ಹೆಂಡತಿ ಅನ್ನ ಬಸಿಯುತ್ತಿದ್ದಳು. ಎಂದಿನಂತೆ ಹೆಚ್ಚಾಗಿತ್ತು. ಮಗ ಇಬ್ಬರ ಊಟ ಉಣ್ಣುತ್ತಿದ್ದ. ಅವಳ ಕೈಗೆ ಹೊಸ ಅಳತೆ ಬರಲೇ ಇಲ್ಲ. ನಾವು ದಿನವೂ ಬೆಳಿಗ್ಗೆ ಹಿಂದಿನ ದಿನದ ಅನ್ನವನ್ನು ಬಿಸಿ ಮಾಡಿ ತಿನ್ನುತ್ತಿದ್ದೆವು.

ಮೂರನೆಯ ವಾರ ತನಿಖೆಯ ವರದಿ ಬಂತು. ಒಂದೇ ಪುಟ. 'ಸದರಿ ನೌಕರನು ಲಿಖಿತ ಅನುಮತಿ ಪಡೆಯದೆ ಸ್ವಂತ ನಿರ್ಲಕ್ಷ್ಯದಿಂದ ಕಂಬ ಏರಿದ್ದು ಅಪಘಾತಕ್ಕೆ ಕಾರಣವಾಗಿದೆ.'

ನನ್ನ ಸೊಸೆ ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಅರ್ಜಿ ಟೈಪು ಮಾಡುವವಳು. ಹನ್ನೆರಡು ವರ್ಷದಿಂದ ಬೇರೆಯವರ ದುಃಖವನ್ನು 'ಸದರಿ', 'ಮೇಲ್ಕಂಡ' ಎಂದು ಟೈಪು ಮಾಡಿದವಳು. ಆ ಪುಟವನ್ನು ಎರಡು ಸಲ ಓದಿದಳು.

"ನಿರ್ಲಕ್ಷ್ಯ ಅಂತೆ ಮಾವ. ನನ್ನ ಮಗಳ ಶಾಲೆ ಚೀಲದ ಜಿಪ್ಪು ಸಹ ಎರಡೆರಡು ಸಲ ಎಳೆದು ನೋಡ್ತಿದ್ದ ಮನುಷ್ಯ. ಅವರಿಗೆ ನಿರ್ಲಕ್ಷ್ಯ ಅಂತೆ!"

"ಸರ್ಕಾರದ ಕಾಗದ ಅಮ್ಮ, ಅದು ಹಾಗೇ ಬರೆಯೋದು."

"ಹಾಗೇ ಬರೆಯೋದಾದ್ರೆ ನಾಳೆ ಕಾನೂನೇ ಹಾಗೆ ಬರುತ್ತೆ. ಇದು ನೋಡಿ."

ಆ ವರ್ಷ ದೇಶದ ವಿದ್ಯುತ್ ಕಾನೂನನ್ನೇ ಬದಲಾಯಿಸುವ ಮಸೂದೆ ಸಂಸತ್ತಿನ ಮುಂದೆ ಇತ್ತು. ತಂತಿ ಒಂದು ಕಂಪನಿಗೆ, ಕರೆಂಟು ಮಾರುವುದು ಇನ್ನೊಂದಕ್ಕೆ, ಸಬ್‌ಸ್ಟೇಷನ್ ನಡೆಸುವುದು ಗುತ್ತಿಗೆದಾರನಿಗೆ. ನಮ್ಮಲ್ಲಿ ಅದನ್ನು ಆಗಲೇ ಪರೀಕ್ಷೆಗೆಂದು ಶುರುಮಾಡಿದ್ದರು. ಮನೆಗೆ ತಿಂಗಳಿಗೆ ಎರಡು ಬಿಲ್ಲು ಬರುತ್ತಿದ್ದವು. "ತಂತಿಗೊಬ್ಬ ಯಜಮಾನ, ಕರೆಂಟಿಗೊಬ್ಬ ಯಜಮಾನ. ಬಲ್ಬಾದ್ರೂ ನಮ್ದಾ ಅಜ್ಜ?" ಎಂದು ಮೆಣಸು ಕೇಳಿದ್ದಳು, ಆಗ ಅವಳಪ್ಪ ಉಂಡದ್ದು ನೆತ್ತಿಗೇರುವಷ್ಟು ನಕ್ಕಿದ್ದ.

ಸೊಸೆ ಅಂಗಡಿಯಲ್ಲಿ ಮುದ್ರಿಸಿಕೊಂಡು ಬಂದ ಮಸೂದೆಯ ಒಂದು ಕಲಮಿನ ಕೆಳಗೆ ಕೆಂಪು ಗೆರೆ ಎಳೆದಿದ್ದಳು: 'ಲಿಖಿತ ಅನುಮತಿಯಿಲ್ಲದೆ ಮಾರ್ಗದಲ್ಲಿ ಕೆಲಸ ಮಾಡುವ ನೌಕರನಿಗೆ ಒದಗುವ ಅಪಾಯಕ್ಕೆ ಪರವಾನಗಿದಾರನು ಹೊಣೆಯಾಗತಕ್ಕದ್ದಲ್ಲ.'

"ಪರವಾನಗಿದಾರ ಅಂದ್ರೆ ಕಂಪನಿ. ಇದು ಪಾಸಾದ್ರೆ ಮುಗೀತು," ಎಂದಳು. "ದೇಶದಲ್ಲಿ ಯಾರು ಕಂಬದ ಮೇಲೆ ಸತ್ರೂ ಅವನದೇ ತಪ್ಪು. ಸಂಸತ್ತಿನ ಸಮಿತಿ ಮುಂದಿನ ತಿಂಗಳು ಇಲ್ಲಿಗೇ ಬರುತ್ತೆ, ಜನರ ಅಭಿಪ್ರಾಯ ಕೇಳುತ್ತೆ. ಚೀಟಿ ಯಾರೂ ಕೊಡ್ತಿರಲಿಲ್ಲ, ಕೊಡೋರೇ ಇರಲಿಲ್ಲ ಅಂತ ಹೇಳೋರು ಬೇಕು. ಕೆಲಸದಲ್ಲಿರೋರು ಬಾಯಿ ಬಿಡಲ್ಲ. ನೀವು ನಿವೃತ್ತರು. ನೀವು ಹೇಳಿ ಮಾವ."

"ನೋಡೋಣ."

"ಏನು ನೋಡೋದು?"

"ಹೇಳೋದು ಅಷ್ಟು ಸುಲಭ ಅಲ್ಲಮ್ಮ. ಒಂದಕ್ಕೊಂದು ಸೇರ್ಕೊಂಡಿರುತ್ತೆ."

"ನಿಮ್ಮ ಮಾತು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಾಯ್ತು," ಎಂದು ಅವಳು ತಟ್ಟೆ ಎತ್ತಿಕೊಂಡು ಎದ್ದಳು.

ಅಲ್ಲಿಂದ ಎರಡು ವಾರ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತರೆ ಜಗಳ. ಸೊಸೆ ಬೆಳಿಗ್ಗೆ ಬಟ್ಟೆ ಒಗೆದು ಅಂಗಡಿಗೆ ಹೋಗುವ ಮೊದಲು ಒಂದು ಸಲ ಕೇಳುತ್ತಿದ್ದಳು, ಸಂಜೆ ಬಂದು ಒಂದು ಸಲ ಕೇಳುತ್ತಿದ್ದಳು. ನನ್ನ ಹೆಂಡತಿ ನನ್ನ ಪರ ವಹಿಸುತ್ತಿದ್ದಳು.

"ಅವರನ್ನು ಯಾಕೆ ಗೋಳು ಹೊಯ್ಕೋತೀಯಾ? ಹೋದವನು ಹೋದ. ಕಾನೂನು ಬಂದು ಅವನನ್ನು ತಂದುಕೊಡುತ್ತಾ?"

"ತಂದುಕೊಡಲ್ಲ ಅತ್ತೆ. ಆದ್ರೆ ಇವಳು ದೊಡ್ಡವಳಾದ ಮೇಲೆ 'ಅಪ್ಪ ಹೇಗೆ ಹೋದ್ರು' ಅಂತ ಯಾರಾದ್ರೂ ಕೇಳಿದ್ರೆ 'ನಿರ್ಲಕ್ಷ್ಯದಿಂದ' ಅನ್ಬೇಕಾ?"

"ನಾನು ಹಾಗೆ ಹೇಳಲ್ಲ," ಎಂದಳು ಮೆಣಸು. "ಕೇಳಿದವರಿಗೆ ಒಂದು ಬಿಡ್ತೀನಿ."

"ನೀನು ಸುಮ್ನೆ ಉಣ್ಣು," ಎಂದು ನನ್ನ ಹೆಂಡತಿ ಅವಳನ್ನು ಗದರಿಸಿ ಸೊಸೆಯ ಕಡೆ ತಿರುಗಿದಳು. "ನಿನ್ನ ಮಾವನಿಗೆ ಎಪ್ಪತ್ತೊಂದು ವರ್ಷ. ದೊಡ್ಡವರ ಮುಂದೆ ನಿಂತು ಏನು ಮಾತಾಡ್ತಾರೆ? ಪಕ್ಕದ ಮನೆಯವರ ಹತ್ರ ಮಾತಾಡ್ಬೇಕಾದ್ರೇ ಮೂರು ಸಲ ಗಂಟಲು ಸರಿಮಾಡ್ಕೋತಾರೆ."

ನಾನು ಅನ್ನ ಕಲಸುತ್ತ ಕುಳಿತಿರುತ್ತಿದ್ದೆ. ಅವಳು ನನ್ನ ಪರ ಆಡಿದ ಒಂದೊಂದು ಮಾತೂ ನನಗೆ ಮುಳ್ಳಾಗುತ್ತಿತ್ತು. ಬೆಳಿಗ್ಗೆ ದೇವರ ಮುಂದೆ ಕುಳಿತರೆ ಪ್ರಾರ್ಥನೆ ಅರ್ಧಕ್ಕೆ ನಿಲ್ಲುತ್ತಿತ್ತು. ಸತ್ಯವನ್ನು ನುಡಿ ಎಂದು ಐವತ್ತು ವರ್ಷ ದೇವರ ಮುಂದೆ ಓದಿದ ಬಾಯಿ ಇದು.

ಕೊನೆಗೆ ಒಂದು ಭಾನುವಾರ ನಾನೇ ಒಂದು ಮನವಿ ಬರೆದು ಸೊಸೆಯ ಕೈಗೆ ಕೊಟ್ಟೆ. ಸಬ್‌ಸ್ಟೇಷನ್ನಿನಲ್ಲಿ ಪುಸ್ತಕ ತುಂಬುತ್ತಿರಲಿಲ್ಲ, ಚೀಟಿ ಕೊಡುತ್ತಿರಲಿಲ್ಲ ಎಂದಷ್ಟೇ ಬರೆದಿದ್ದೆ. ಅವಳು ಓದಿ ಕಾಗದವನ್ನು ಮಡಿಲಲ್ಲಿಟ್ಟುಕೊಂಡಳು.

"ಸರಿ ಮಾವ. ಆದ್ರೆ ಸಮಿತಿಯವರು ಮೊದಲು ಕೇಳೋದೇ ಇದು: ಪುಸ್ತಕ ಇಲ್ಲ, ಚೀಟಿ ಇಲ್ಲ ಅಂದ್ರೆ ಮೂವತ್ತು ವರ್ಷ ಯಾರೂ ಸಾಯದೆ ಹೇಗೆ ನಡೀತು? ಏನಾದ್ರೂ ಇದ್ದೇ ಇರ್ಬೇಕಲ್ಲ?"

ನನ್ನ ಹೆಂಡತಿ ಮೆಣಸನ್ನು ಕರೆದುಕೊಂಡು ತರಕಾರಿಗೆ ಹೋಗಿದ್ದಳು. ಮನೆಯಲ್ಲಿ ನಾವಿಬ್ಬರೇ. ನಾನು ಹೇಳಿದೆ. ಡಬ್ಬಿಯ ಪದ್ಧತಿ, ಫೋನು, ಜೀಪು, ಖಾಲಿ ಮೇಜು, ಒಂದನ್ನೂ ಬಿಡಲಿಲ್ಲ. ಅವಳು ಅಳಲಿಲ್ಲ. ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದಳು.

"ಆ ಡಬ್ಬಿಗೆ ಅವತ್ತು ಅನ್ನ ತುಂಬಿಸಿದ್ದು ನಾನು," ಎಂದಳು. "ಮುಚ್ಚಳ ಗಟ್ಟಿಯಾಗಿ ಹಾಕು ಅಂದಿದ್ರು." ಬಾಗಿಲ ಕಡೆ ನೋಡಿ ಕೇಳಿದಳು, "ಅತ್ತೆಗೆ ಗೊತ್ತಾ?"

"ಇಲ್ಲ."

ಅವಳು ಮನವಿಯ ಕಾಗದವನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಹಿಂದಕ್ಕೆ ಕೊಟ್ಟಳು.

"ಹೋಗ್ಬೇಡಿ ಮಾವ. ನನ್ನಿಂದ ತಪ್ಪಾಯ್ತು. ನಿಮ್ಮನ್ನು ಪೀಡಿಸಿದೆ. ನನ್ನ ಗಂಡನ ಮೇಲೆ ತಪ್ಪು ಹೊರಿಸಿದ್ರು ಅಂತ ಅವರ ತಾಯಿ ಮೇಲೆ ಹೊರಿಸೋದು ಬೇಡ."

ಅಂದಿನಿಂದ ಮನೆಯಲ್ಲಿ ಜಗಳ ನಿಂತಿತು. ಸೊಸೆ ಅತ್ತೆಯ ಕಾಲಿಗೆ ಎಣ್ಣೆ ಹಚ್ಚಿದಳು, ಕೇಳದೆಯೇ ಪಾತ್ರೆ ತೊಳೆದಳು. ನಾನು ಬೇಳೆ ಆರಿಸಲು ಕುಳಿತೆ. ಮೂರು ದಿನ ನೋಡಿದ ನನ್ನ ಹೆಂಡತಿ ನಾಲ್ಕನೆಯ ದಿನ ಮಧ್ಯಾಹ್ನ ನನ್ನ ಎದುರು ಮಣೆ ಹಾಕಿಕೊಂಡು ಕುಳಿತಳು. ಸೊಸೆ ಅಂಗಡಿಗೆ, ಮೆಣಸು ಶಾಲೆಗೆ ಹೋಗಿದ್ದರು.

"ಏನ್ರೀ, ಏನು ನಡೀತಿದೆ?"

"ಏನಿಲ್ವಲ್ಲ."

"ನಲವತ್ತೆರಡು ವರ್ಷದಲ್ಲಿ ನೀವು ಒಂದು ಸಲನೂ ಬೇಳೆ ಆರಿಸಿದವರಲ್ಲ. ಅವಳು ಹತ್ತು ಸಲ ಕೇಳೋ ಪ್ರಶ್ನೆ ಈಗ ಒಂದು ಸಲನೂ ಕೇಳಲ್ಲ. ಜಗಳ ಇರೋ ಮನೇಲಿ ಜಗಳ ನಿಂತ್ರೆ ನನಗೆ ಭಯ ಆಗುತ್ತೆ. ಯಾರಿಗೆ ಕಾಯಿಲೆ? ನಿಮಗಾ?"

"ಯಾರಿಗೂ ಇಲ್ಲ."

"ದೇವರಾಣೆ?"

ದೇವರ ಮೇಲೆ ಆಣೆ ಹಾಕಿ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. ಮೊರದಲ್ಲಿನ ಬೇಳೆಯನ್ನು ನೋಡುತ್ತ ಹೇಳತೊಡಗಿದೆ. ಫೋನಿನ ವಿಷಯಕ್ಕೆ ಬಂದಾಗ ಅವಳ ಕೈ ನೆಲಕ್ಕೆ ಊರಿಕೊಂಡಿತು. ನಾನು ಮುಗಿಸಿದ ಮೇಲೆ ಅವಳು ಮೊರವನ್ನು ನನ್ನ ಮುಂದಿನಿಂದ ಪಕ್ಕಕ್ಕೆ ಸರಿಸಿದಳು.

"ಡಬ್ಬಿಗೆ ಆ ಅರ್ಥ ಇಟ್ಟಿದ್ದು ಯಾರು?" ಎಂದು ಕೇಳಿದಳು.

"ನಾನು."

"ಮೂವತ್ತು ವರ್ಷ ನಿಮ್ಮ ಡಬ್ಬಿ ನಾನು ತುಂಬಿಸಿದೆ. ಆಮೇಲೆ ಅವನದು. ಅವಳು ಬಂದ ಮೇಲೆ ಇಬ್ಬರೂ ಸೇರಿ ತುಂಬಿಸಿದ್ವಿ. ಅದರ ಮೇಲೆ ಜೀವ ನಿಂತಿದೆ ಅಂತ ಒಂದು ದಿನ, ಒಂದೇ ಒಂದು ದಿನ ನನಗೆ ಹೇಳ್ಬೇಕು ಅನ್ನಿಸಲಿಲ್ವಾ ನಿಮಗೆ?"

"ಕೆಲಸದ ಮಾತು ಮನೇಲಿ ಯಾಕೆ ಅಂತ…"

"ಕೆಲಸದ ಮಾತು! ಡಬ್ಬಿ ಕೆಲಸದ್ದಾ ಮನೇದಾ?"

ಅವಳು ಎದ್ದು ಹಿತ್ತಲಿಗೆ ಹೋದಳು. ಸಂಜೆ ಸೊಸೆ ಬಂದಾಗಲೂ ಒಲೆ ಹಚ್ಚಿರಲಿಲ್ಲ. ಅತ್ತೆ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದಳು. ಸೊಸೆ ಪಕ್ಕದಲ್ಲಿ ಕುಳಿತಳು. ಕಿಟಕಿಯಿಂದ ನನಗೆ ಕೇಳುತ್ತಿತ್ತು.

"ನೀನು ನನ್ನನ್ನು ಬೈಯ್ಯಲ್ವೇನೇ?"

"ಯಾಕೆ ಬೈಯ್ಯಲಿ ಅತ್ತೆ? ನಾನಿದ್ದಿದ್ರೂ ಅದೇ ಫೋನ್ ಮಾಡ್ತಿದ್ದೆ. ಬೆಳಿಗ್ಗೆ ಜಗಳ ಆಡಿ ತಿಂಡಿ ಬಿಟ್ಟು ಹೋಗಿದ್ರು. ಜಗಳ ಆಡಿದ್ದು ನಾನು."

"ಯಾವುದಕ್ಕೆ ಜಗಳ?"

"ಸಾಬೂನಿಗೆ. ನೀರಲ್ಲಿ ಬಿಟ್ಟು ಕರಗಿಸ್ತಾರೆ ಅಂತ."

ಆಮೇಲೆ ಇಬ್ಬರೂ ಅತ್ತರು. ಮೆಣಸು ಮೊದಲ ಬಾರಿಗೆ ತಾನೇ ಅಕ್ಕಿ ತೊಳೆದು ಒಲೆಯ ಮೇಲಿಟ್ಟಳು. ಅನ್ನ ಮುದ್ದೆಯಾಗಿತ್ತು. ನಾಲ್ವರೂ ಅದನ್ನೇ ಉಂಡೆವು.

ಮರುದಿನದಿಂದ ಹೆಂಡತಿ ನನ್ನೊಂದಿಗೆ ಮಾತು ಬಿಟ್ಟಳು. ಏನಾದರೂ ಬೇಕಾದರೆ ಮೆಣಸಿನ ಮೂಲಕ. "ನಿಮ್ಮ ಅಜ್ಜನಿಗೆ ಚಹಾ ಆರುತ್ತೆ ಅಂತ ಹೇಳು." "ನಿಮ್ಮ ಅಜ್ಜನ ಬಟ್ಟೆ ಒಣಗಿದೆ." ನಾಲ್ಕು ದಿನವಾದ ಮೇಲೆ ಆ ಹುಡುಗಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ನಾನೇನು ಟೆಲಿಫೋನಾ? ಇಬ್ಬರಿಗೂ ಬಿಲ್ ಕಳಿಸ್ತೀನಿ, ತಂತಿಗೊಂದು, ಮಾತಿಗೊಂದು." ಸೊಸೆ ಮುಖ ತಿರುಗಿಸಿಕೊಂಡು ನಕ್ಕಳು. ನನ್ನ ಹೆಂಡತಿ ನಗಲಿಲ್ಲ. ಆದರೆ ಅಂದು ಸಂಜೆ ನೇರವಾಗಿ ನನ್ನನ್ನೇ ಕೇಳಿದಳು.

"ಸಮಿತಿ ಯಾವತ್ತು?"

"ಗುರುವಾರ."

"ನಿಮ್ಮ ಬಿಳಿ ಅಂಗಿಗೆ ಗುಂಡಿ ಹೋಗಿದೆ. ಕೊಡಿ, ಹಾಕ್ತೀನಿ. ನಾನೂ ಬರ್ತೀನಿ."

"ನೀನು ಯಾಕೆ? ಅಲ್ಲಿ ಎಲ್ಲ ಹೇಳ್ಬೇಕಾಗುತ್ತೆ…"

"ಎಲ್ಲ ಹೇಳ್ಬೇಕು ಅಂತಲೇ ಬರ್ತೀನಿ. ನನ್ನ ಹೆಸರು ಉಳಿಸೋಕೆ ಅವನ ಹೆಸರು ಕೆಡಬಾರದು."

ಸಭೆ ಸರ್ಕಾರಿ ಕಚೇರಿಯ ಮೇಲಿನ ಮಹಡಿಯಲ್ಲಿತ್ತು. ಉದ್ದನೆಯ ಮೇಜು, ಹಿಂದೆ ಏಳು ಸದಸ್ಯರು, ಪ್ರತಿಯೊಬ್ಬರ ಮುಂದೆ ನೀರಿನ ಬಾಟಲಿ. ಕಾರ್ಖಾನೆಯವರು ದರದ ಬಗ್ಗೆ ಮಾತಾಡಿದರು. ಕಂಪನಿಯ ವಕೀಲರು ಪುಸ್ತಕವೊಂದನ್ನು ಎತ್ತಿ ತೋರಿಸಿದರು. ಎಲ್ಲ ದಿನಕ್ಕೂ ಅನುಮತಿ ಬರೆದಿದೆ, ಆ ಒಂದು ದಿನಕ್ಕೆ ಮಾತ್ರ ಇಲ್ಲ, ಆದ್ದರಿಂದ ತಪ್ಪು ಯಾರದ್ದೆಂಬುದು ಸ್ಪಷ್ಟ ಎಂದರು. ಕಂಬ ಹತ್ತುವ ಪ್ರತಿಯೊಬ್ಬನ ಹಿಂದೆ ಒಬ್ಬ ಗುಮಾಸ್ತನನ್ನು ಕಳಿಸಲು ಯಾವ ಕಂಪನಿಗೂ ಸಾಧ್ಯವಿಲ್ಲ ಎಂದೂ ಹೇಳಿದರು. ಆ ಮಾತಿಗೆ ಇಬ್ಬರು ಸದಸ್ಯರು ತಲೆದೂಗಿದರು. ನನ್ನ ಸರದಿ ಬಂದಾಗ ಅಧ್ಯಕ್ಷರು, "ಹಿರಿಯರೇ, ಏಳು ನಿಮಿಷ," ಎಂದರು.

ನಾನು ಮೂರು ಸಲ ಗಂಟಲು ಸರಿಮಾಡಿಕೊಂಡೆ.

"ಆ ಪುಸ್ತಕದ ಹಾಳೆ ತಿರುಗಿಸಿ ನೋಡಿ ಸ್ವಾಮಿ," ಎಂದೆ. "ಉಳಿದೆಲ್ಲ ದಿನಕ್ಕೂ ಒಂದೇ ಶಾಯಿ, ಒಂದೇ ಕೈ. ತಿಂಗಳ ಕೊನೇ ದಿನ ಕೂತು ತುಂಬಿಸಿದ್ದು. ನಾನೂ ಹಾಗೇ ತುಂಬಿಸಿದವನು. ಆ ದಿನದ್ದು ಖಾಲಿ ಇದೆ, ಯಾಕಂದ್ರೆ ತುಂಬಿಸೋ ಮೊದಲೇ ಅವನು ಸತ್ತ."

ಅಧ್ಯಕ್ಷರು ಪುಸ್ತಕ ತರಿಸಿಕೊಂಡು ಕನ್ನಡಕ ಏರಿಸಿ ನೋಡಿದರು. ಪಕ್ಕದವರಿಗೂ ತೋರಿಸಿದರು. ಆಮೇಲೆ ನಾನು ಡಬ್ಬಿಯ ವಿಷಯ ಹೇಳಿದೆ. ಈ ಪದ್ಧತಿ ಮಾಡಿದ್ದು ನಾನು, ನನ್ನ ಮಗನಿಗೆ ಕಲಿಸಿದ್ದು ನಾನು, ಅವನು ಕಲಿತದ್ದನ್ನು ಒಂದು ಕೂದಲೆಳೆಯಷ್ಟೂ ತಪ್ಪದೆ ಮಾಡಿದ ಎಂದೆ. ನಿರ್ಲಕ್ಷ್ಯ ಮಾಡಿದವನು ಕಂಬದ ಮೇಲೆ ಇರಲಿಲ್ಲ, ಕುರ್ಚಿಯ ಮೇಲೆ ಇದ್ದ, ಆ ಕುರ್ಚಿಯಲ್ಲಿ ಮೊದಲು ಕುಳಿತವನು ನಾನೇ ಎಂದೆ.

ಒಬ್ಬ ಸದಸ್ಯರು ಬರೆಯುವುದನ್ನು ನಿಲ್ಲಿಸಿ ಕೇಳಿದರು: "ಹಾಗಾದ್ರೆ ಆ ದಿನ ಡಬ್ಬಿ ತೆಗೆದವರು ಯಾರು?"

ಏಳು ನಿಮಿಷದಲ್ಲಿ ಇನ್ನೂ ಒಂದು ನಿಮಿಷ ಉಳಿದಿತ್ತು. ನಾನು ಬಾಯಿ ತೆರೆದೆ. ಹಿಂದೆ ಕುರ್ಚಿ ಸರಿದ ಸದ್ದಾಯಿತು.

"ನಾನು ತೆಗೆಸಿದ್ದು ಸ್ವಾಮಿ. ನಾನು ಅವನ ತಾಯಿ."

ಕಾವಲುಗಾರ ಅವಳನ್ನು ಕೂರಿಸಲು ಹೋದ. ಅಧ್ಯಕ್ಷರು ಕೈಯೆತ್ತಿ ತಡೆದರು.

"ಹಸಿದಿರ್ತಾನೆ ಅಂತ ಫೋನ್ ಮಾಡಿದೆ," ಎಂದಳು ಅವಳು. ಸೊಸೆ ಅವಳ ತೋಳು ಹಿಡಿದುಕೊಂಡಿದ್ದಳು. "ಯಾವ ತಾಯಿಯಾದ್ರೂ ಮಾಡ್ತಾಳೆ. ನಾಳೆ ಇನ್ನೊಬ್ಬಳು ಮಾಡ್ತಾಳೆ. ತಾಯಂದಿರು ಫೋನ್ ಮಾಡಬಾರದು ಅಂತ ನೀವು ಕಾನೂನು ಮಾಡೋಕಾಗುತ್ತಾ? ಡಬ್ಬಿ ಇರೋದು ಹೊಟ್ಟೆಗೆ ಸ್ವಾಮಿ. ಜೀವ ಕಾಯೋಕೆ ಬೇರೆ ಏನಾದ್ರೂ ಇಡಿ. ಅದನ್ನು ಇಡಬೇಕಾದವರು ಇಡದೇ ಹೋದ್ರೆ ಅವರನ್ನು ಕೇಳಿ. ಸತ್ತವನನ್ನು ಕೇಳಬೇಡಿ."

ಅಷ್ಟು ಹೇಳಿ ಕುಳಿತಳು. ಕಂಪನಿಯ ವಕೀಲರು ಏನೋ ಹೇಳಲು ಎದ್ದರು. ಅಧ್ಯಕ್ಷರು "ನಿಮ್ಮ ಸಮಯ ಮುಗಿದಿದೆ," ಎಂದರು.

ಮೆಟ್ಟಿಲು ಇಳಿಯುವಾಗ ಕೆಳಗೆ ಮೀಸೆ ನಿಂತಿದ್ದ. ರಜೆ ಹಾಕಿ ಬಂದಿದ್ದ. ಅತ್ತಿಗೆಯನ್ನು ಕಂಡು ಗೋಡೆಗೆ ತಿರುಗಿ ನಿಂತ. ಅವಳು ಅವನ ಹತ್ತಿರ ಹೋದಳು.

"ತಿರುಗೋ ಈ ಕಡೆ. ಊಟ ಆಯ್ತಾ ನಿಂದು?"

ಆ ದೊಡ್ಡ ಮೀಸೆಯ ಗಂಡಸು ಎಲ್ಲರ ಎದುರು ಬಿಕ್ಕಿ ಬಿಕ್ಕಿ ಅತ್ತ.

ಎಂಟು ವಾರದ ಮೇಲೆ ಸೊಸೆ ಅಂಗಡಿಯಿಂದ ಎಂದಿಗಿಂತ ಬೇಗ ಬಂದಳು. ಸಮಿತಿ ತಿದ್ದಿದ ಮಸೂದೆಯ ಪ್ರತಿ ಕೈಯಲ್ಲಿತ್ತು. ನನ್ನ ಕನ್ನಡಕ ಸಿಗಲಿಲ್ಲ, ಮೆಣಸು ಗಟ್ಟಿಯಾಗಿ ಓದಿದಳು: 'ಲಿಖಿತ ಅನುಮತಿ ನೀಡದೆ ಯಾವ ನೌಕರನನ್ನೂ ಮಾರ್ಗದ ಕೆಲಸಕ್ಕೆ ಕಳುಹಿಸತಕ್ಕದ್ದಲ್ಲ, ಕಳುಹಿಸಿದಲ್ಲಿ ಒದಗುವ ಅಪಾಯಕ್ಕೆ ಪರವಾನಗಿದಾರನೇ ಹೊಣೆಯಾಗತಕ್ಕದ್ದು. ಅನುಮತಿ ಪಡೆದ ನೌಕರನು ಸ್ವತಃ ಹಾಜರಾಗಿ ಚೀಟಿ ಒಪ್ಪಿಸುವವರೆಗೆ ಮಾರ್ಗಕ್ಕೆ ವಿದ್ಯುತ್ ಹಾಯಿಸತಕ್ಕದ್ದಲ್ಲ.'

"ಇನ್ನೊಂದು ಸಲ ಓದು," ಎಂದಳು ನನ್ನ ಹೆಂಡತಿ.

ಮೆಣಸು ಮತ್ತೆ ಓದಿದಳು.

"ಇದು ಪಾಸಾಯ್ತಾ?"

"ಇಲ್ಲ ಅತ್ತೆ. ಇನ್ನೂ ಸದನದಲ್ಲಿ ಚರ್ಚೆ ಆಗ್ಬೇಕು, ಮತ ಹಾಕ್ಬೇಕು. ಆಗಬಹುದು, ಆಗದೇನೂ ಇರಬಹುದು. ಆದ್ರೆ ನಿನ್ನೆ ಸಬ್‌ಸ್ಟೇಷನ್ನಿಗೆ ಹೊಸ ಪುಸ್ತಕ ಬಂದಿದೆ ಅಂತೆ. ಮೀಸೆ ಮಾವ ಫೋನ್ ಮಾಡಿದ್ರು, ದಿನದಿನ ಬರೀತಿದ್ದಾರಂತೆ."

"ಇದರಲ್ಲಿ ಅವನ ಹೆಸರು ಎಲ್ಲೂ ಇಲ್ವಲ್ಲ."

"ಕಾನೂನಿನಲ್ಲಿ ಹೆಸರು ಬರೆಯಲ್ಲ ಅತ್ತೆ."

"ಇರ್ಲಿ ಬಿಡು," ಎಂದಳು. "ಯಾರಿಗೋಸ್ಕರ ಅಂತ ದೇವರಿಗೆ ಗೊತ್ತು."

ಅವಳು ಕೈಕಾಲು ತೊಳೆದು ಬಂದು ದೇವರ ಮುಂದೆ ಕುಳಿತಳು. ಮಗ ಹೋದ ಮೇಲೆ ಅವಳು ಅಲ್ಲಿ ಕುಳಿತದ್ದು ಅದೇ ಮೊದಲು. ಸ್ವಲ್ಪ ಹೊತ್ತಾದ ಮೇಲೆ ಹಿಂದೆ ತಿರುಗದೆಯೇ, "ಬನ್ನಿ, ನೀವೇ ಹೇಳಿ. ನನಗೆ ಬಾಯಿ ಕಟ್ಟುತ್ತೆ," ಎಂದಳು. ನಾನು ಅವಳ ಪಕ್ಕದಲ್ಲಿ ಕುಳಿತೆ. ಸೊಸೆಯೂ ಮೊಮ್ಮಗಳೂ ನಮ್ಮ ಹಿಂದೆ ಕುಳಿತರು. ಓದಿ ಕಲಿತ ಪ್ರಾರ್ಥನೆ ಯಾವುದೂ ನನಗೆ ನೆನಪಾಗಲಿಲ್ಲ. ಬಂದಷ್ಟನ್ನು ಹೇಳಿದೆ.

ದೇವರೇ, ನಮ್ಮ ಮಗ ನಿನ್ನ ಬಳಿ ಇದ್ದಾನೆ. ಅಷ್ಟು ಎತ್ತರದಲ್ಲಿ ಒಬ್ಬನೇ ಇದ್ದಾಗ ನಾವು ಯಾರೂ ಅವನ ಹತ್ತಿರ ಇರಲಿಲ್ಲ, ನೀನಿದ್ದೆ ಎಂದು ನಂಬಿದ್ದೇವೆ. ಅವನು ತುಂಬ ಹಸಿದು ಬಂದಿದ್ದಾನೆ, ಮೊದಲು ಊಟಕ್ಕೆ ಕೂರಿಸು. ಕೈ ತೊಳೆಯದೆ ಕುಳಿತರೆ ಗದರಬೇಡ, ಅದು ಅವನ ಅಭ್ಯಾಸ. ತಾಯಿಯನ್ನೂ ಹೆಂಡತಿಯನ್ನೂ ಅವನು ಎಂದೋ ಕ್ಷಮಿಸಿರುತ್ತಾನೆ, ನಾವು ಕೇಳಬೇಕಾಗಿಲ್ಲ. ನನ್ನ ತಪ್ಪಿಗೆ ಅವನನ್ನು ಕೇಳಬೇಡ, ನಾನು ಬಂದಾಗ ನನ್ನನ್ನು ಕೇಳು. ಇಂದು ಎಲ್ಲೆಲ್ಲಿ ಯಾರ ಯಾರ ಮಕ್ಕಳು ತಂತಿಯ ಮೇಲೆ ಕೈಯಿಟ್ಟಿದ್ದಾರೋ ಅವರನ್ನೆಲ್ಲ ಸಂಜೆಗೆ ಮನೆಗೆ ಕಳುಹಿಸು. ನಮ್ಮವನಿಗೆ ಮಾತ್ರ, ದಣಿದವನಿಗೆ, ಇನ್ನು ಯಾರೂ ಎಬ್ಬಿಸದಂಥ ನಿದ್ದೆಯನ್ನು ಕೊಡು. ಅವನಿಗೆ ಶಾಂತಿಯನ್ನು ಕೊಡು.